ಲೆಕ್ಕಪರಿಶೋಧಕನ ಮಾತು, ಮಂಡಳಿಯ ಕಿವಿ: ಕೆಲವು ತಪ್ಪು ಕಲ್ಪನೆಗಳು ಮತ್ತು ಸತ್ಯ

ವಿದ್ಯುತ್ ಸರಬರಾಜು ಕಂಪನಿಯಾಗಲಿ, ನೀರಾವರಿ ನಿಗಮವಾಗಲಿ, ಗೃಹನಿರ್ಮಾಣ ಮಂಡಳಿಯಾಗಲಿ, ಪ್ರಜೆಗಳ ಹಣದಿಂದ ನಡೆಯುವ ಸಂಸ್ಥೆಯೊಂದರ ಲೆಕ್ಕದಲ್ಲಿ ದೋಷ ಕಂಡುಬಂದಿದೆಯೆಂಬ ವಾರ್ತೆ ಪತ್ರಿಕೆಯಲ್ಲಿ ಪ್ರಕಟವಾದೊಡನೆಯೇ ಜನರ ಬಾಯಿಂದ ಹೊರಡುವ ಮೊದಲ ಪ್ರಶ್ನೆ, ‘ಆಡಿಟರು ಏನು ಮಾಡುತ್ತಿದ್ದರು?’ ಎಂಬುದು. ಪ್ರಶ್ನೆ ಅನ್ಯಾಯವಾದುದಲ್ಲ. ಆದರೆ ಅದರ ಬೆನ್ನಿಗೇ ಕೇಳಬೇಕಾದ ಇನ್ನೊಂದು ಪ್ರಶ್ನೆ, ಆಡಿಟರು ಹೇಳಿದ ಮಾತನ್ನು ಆಡಳಿತ ಮಂಡಳಿ ಏನು ಮಾಡಿತು ಎಂಬುದು, ಸಾಮಾನ್ಯವಾಗಿ ಯಾರಿಗೂ ಹೊಳೆಯುವುದಿಲ್ಲ. ಪರಿಶೋಧಕನಿಗೂ ಮಂಡಳಿಗೂ ನಡುವೆ ನಡೆಯತಕ್ಕ ಸಂಭಾಷಣೆಯೊಂದು ಉಂಟು, ಅದಕ್ಕೆ ವಿಧಿನಿಯಮಗಳುಂಟು ಎಂಬ ಸಂಗತಿಯೇ ಹಲವರಿಗೆ ತಿಳಿಯದಿರುವುದರಿಂದ, ಅದರ ಸುತ್ತ ತಪ್ಪು ಕಲ್ಪನೆಗಳು ಹುತ್ತಗಟ್ಟಿವೆ.

ಎಲ್ಲಕ್ಕಿಂತ ಸಾಧಾರಣವಾದದ್ದು, ಲೆಕ್ಕವನ್ನು ಬರೆಯುವವನೇ ಆಡಿಟರನೆಂಬ ನಂಬಿಕೆ. ಇದನ್ನು ನಿವಾರಿಸಲು ಹೆಚ್ಚು ಮಾತು ಬೇಕಾಗಿಲ್ಲ. ಲೆಕ್ಕಪತ್ರಗಳನ್ನು ಸಿದ್ಧಪಡಿಸುವ ಹೊಣೆ ಸಂಸ್ಥೆಯದು. 2013ರ ಕಂಪನಿ ಕಾಯಿದೆಯ 134ನೆಯ ಕಲಮಿನಂತೆ ಆ ಹೊಣೆಯನ್ನು ಒಪ್ಪಿಕೊಂಡು ಹೇಳಿಕೆ ಕೊಡತಕ್ಕವರು ನಿರ್ದೇಶಕರು. ಪರಿಶೋಧಕನು ಕೊಡುವುದು ಆ ಲೆಕ್ಕಗಳ ಮೇಲಣ ಅಭಿಪ್ರಾಯವನ್ನು ಮಾತ್ರ.

ಎರಡನೆಯದು ಸ್ವಲ್ಪ ಕುಟಿಲವಾದ ಊಹೆ: ಸರ್ಕಾರಿ ಕಂಪನಿಯ ಆಡಿಟರನನ್ನು ನೇಮಿಸುವವರು ಅಲ್ಲಿಯ ವ್ಯವಸ್ಥಾಪಕ ನಿರ್ದೇಶಕರೇ ಆದುದರಿಂದ ಅವನು ಅವರ ಮನುಷ್ಯನೇ ಆಗಿರುತ್ತಾನೆಂಬುದು. ವಾಸ್ತವವಾಗಿ, ಕೆಪಿಟಿಸಿಎಲ್, ಬೆಸ್ಕಾಂಗಳಂಥ ಸರ್ಕಾರಿ ಕಂಪನಿಗಳಿಗೆ ಪರಿಶೋಧಕರನ್ನು ನೇಮಿಸುವ ಅಧಿಕಾರ ಆ ಕಂಪನಿಗಳಿಗಿಲ್ಲ. ಆರ್ಥಿಕ ವರ್ಷ ಆರಂಭವಾದ 180 ದಿನಗಳೊಳಗೆ ಭಾರತದ ನಿಯಂತ್ರಕರು ಮತ್ತು ಮಹಾಲೆಕ್ಕಪರಿಶೋಧಕರು, ಅಂದರೆ ಸಿಎಜಿಯವರು, ಆ ನೇಮಕವನ್ನು ಮಾಡುತ್ತಾರೆ. ಲೆಕ್ಕವನ್ನು ಯಾವ ರೀತಿಯಲ್ಲಿ ಪರಿಶೋಧಿಸಬೇಕೆಂದು ನಿರ್ದೇಶನ ಕೊಡುತ್ತಾರೆ. ವರದಿ ಕೈಸೇರಿದ 60 ದಿನಗಳೊಳಗೆ ತಾವೇ ಪೂರಕ ಪರಿಶೋಧನೆ ನಡೆಸಿ ಅದರ ಮೇಲೆ ಟಿಪ್ಪಣಿ ಬರೆಯುವ ಹಕ್ಕನ್ನೂ ಉಳಿಸಿಕೊಂಡಿದ್ದಾರೆ. ರಸ್ತೆ ಸಾರಿಗೆ ನಿಗಮಗಳಲ್ಲಿ ಮಧ್ಯದ ಈ ಏರ್ಪಾಡೂ ಇಲ್ಲ; ಅಲ್ಲಿ ಪರಿಶೋಧನೆ ನೇರವಾಗಿ ಸಿಎಜಿಯವರದೇ. ಇಷ್ಟಿದ್ದರೂ ದಿನನಿತ್ಯ ಪರಿಶೋಧಕನ ಎದುರಿಗೆ ಕುಳಿತು ವೋಚರು ತೋರಿಸುವವರು ಕಂಪನಿಯ ಹಣಕಾಸು ಅಧಿಕಾರಿಗಳೇ ಆಗಿರುವುದರಿಂದ, ದಾಕ್ಷಿಣ್ಯವೆಂಬುದು ಕಾಯಿದೆಯ ಕಲಮುಗಳ ಸಂದಿಯಲ್ಲಿ ನುಸುಳುವುದು ಅಸಂಭವವೇನೂ ಅಲ್ಲವೆಂಬುದನ್ನು ಒಪ್ಪಿಕೊಳ್ಳತಕ್ಕದ್ದು. ಮಂಡಳಿಯೊಡನೆ ಪರಿಶೋಧಕನು ನೇರವಾಗಿ ಮಾತನಾಡಬೇಕೆಂಬ ನಿಯಮ ಹುಟ್ಟಿದ್ದಕ್ಕೆ ಈ ಮಾನವಸ್ವಭಾವವೂ ಒಂದು ಕಾರಣ.

ಇನ್ನು ‘ಕ್ಲೀನ್ ರಿಪೋರ್ಟ್’ ಎಂಬ ಮಾತಿನ ಮಾಯೆಯನ್ನು ನೋಡೋಣ. ಪರಿಶೋಧಕನು ಯಾವ ಷರತ್ತನ್ನೂ ಹಾಕದೆ ಅಭಿಪ್ರಾಯ ಕೊಟ್ಟನೆಂದರೆ ಸಂಸ್ಥೆ ಪ್ರಾಮಾಣಿಕವಾಗಿದೆ, ಸುಭದ್ರವಾಗಿದೆ, ಅಲ್ಲಿ ಒಂದು ರೂಪಾಯಿಯೂ ಪೋಲಾಗಿಲ್ಲ ಎಂದು ಸಭೆಗಳಲ್ಲಿ ಘಂಟಾಘೋಷವಾಗಿ ಸಾರುವವರುಂಟು. ಆ ಅಭಿಪ್ರಾಯ ಹೇಳುವುದಾದರೂ ಏನನ್ನು? ಆರ್ಥಿಕ ತಖ್ತೆಗಳು ಸಂಸ್ಥೆಯ ಸ್ಥಿತಿಗತಿಯನ್ನು, ಮಹತ್ತ್ವದ ಅಂಶಗಳಲ್ಲಿ, ಯಥಾರ್ಥವಾಗಿಯೂ ನ್ಯಾಯವಾಗಿಯೂ ತೋರಿಸುತ್ತವೆ ಎಂಬಷ್ಟನ್ನೇ. ವರ್ಷವರ್ಷವೂ ನಷ್ಟದಲ್ಲಿ ಮುಳುಗುತ್ತಿರುವ ನಿಗಮವು ತನ್ನ ನಷ್ಟವನ್ನು ಮರೆಮಾಚದೆ ಬರೆದಿದ್ದರೆ ಅದಕ್ಕೂ ನಿರ್ದೋಷವಾದ ವರದಿಯೇ ದೊರೆಯುತ್ತದೆ. ಸೇತುವೆಯನ್ನು ಕಟ್ಟಿದ್ದು ವಿವೇಕವೋ ಅವಿವೇಕವೋ ಎಂಬುದು ಆ ವರದಿಯ ವಿಷಯವಲ್ಲ. ಅದಕ್ಕೆ ಸಿಎಜಿಯವರು ನಡೆಸುವ ಕಾರ್ಯಸಾಧನೆಯ ಪರಿಶೋಧನೆ ಬೇರೆಯೇ ಇದೆ. ಅದೇ ರೀತಿ, ಪೂರಕ ಪರಿಶೋಧನೆಯ ನಂತರ ಸಿಎಜಿಯವರು ‘ಟಿಪ್ಪಣಿ ಇಲ್ಲ’ ಎಂದು ಬರೆದರೆ ಅದನ್ನು ಪ್ರಶಸ್ತಿಪತ್ರದಂತೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವುದೂ ಸಲ್ಲದು.

ಆದರೆ ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಹಾನಿಕರವಾದ ಕಲ್ಪನೆ ಬೇರೊಂದಿದೆ. ಪರಿಶೋಧಕನು ಹೇಳಬೇಕಾದುದೆಲ್ಲ ವಾರ್ಷಿಕ ವರದಿಯಲ್ಲಿ ಅಚ್ಚಾಗುವ ಆ ಕೆಲವು ಪುಟಗಳಲ್ಲಿಯೇ ಅಡಗಿದೆ, ಅದರ ಹೊರಗೆ ಅವನಿಗೂ ಮಂಡಳಿಗೂ ಮಾತಿಲ್ಲ ಎಂಬುದೇ ಅದು. ಸತ್ಯ ಇದಕ್ಕೆ ತೀರ ವಿಪರೀತವಾಗಿದೆ. ನಮ್ಮ ದೇಶದ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆ ಹೊರಡಿಸಿರುವ ಪರಿಶೋಧನಾ ಮಾನಕಗಳಲ್ಲಿ 260ನೆಯದು, ಸಂಸ್ಥೆಯ ಆಡಳಿತದ ಹೊಣೆ ಹೊತ್ತವರೊಡನೆ ಪರಿಶೋಧಕನು ಏನನ್ನು, ಯಾವಾಗ, ಹೇಗೆ ಹೇಳಬೇಕೆಂಬುದಕ್ಕಾಗಿಯೇ ಮೀಸಲಾಗಿದೆ. ಅಮೆರಿಕದಲ್ಲಿ ಇದೇ ವಿಷಯಕ್ಕೆ 1988ರಲ್ಲಿ 61ನೆಯ ಮಾನಕವೂ, ಅದರ ಸ್ಥಾನದಲ್ಲಿ 2006ರಲ್ಲಿ 114ನೆಯದೂ ಬಂದುವು. ಅಲ್ಲಿಯ ನೀರಿನ ಮಂಡಲಗಳೂ ಸಾರಿಗೆ ಪ್ರಾಧಿಕಾರಗಳೂ ಪ್ರತಿವರ್ಷ ತಮ್ಮ ಪರಿಶೋಧಕರಿಂದ, ಈ ಮಾನಕದಂತೆ ಮಂಡಳಿಗೆಂದು ಬರೆದ ಪತ್ರವೊಂದನ್ನು ಪಡೆಯುತ್ತವೆ.

ಆ ಪತ್ರದಲ್ಲಿ ಏನೇನಿರುತ್ತದೆಂಬುದನ್ನು ಅರಿತರೆ ಅದರ ಬೆಲೆ ತಿಳಿದೀತು. ಕೆಲಸ ಆರಂಭವಾಗುವ ಮುನ್ನ, ಪರಿಶೋಧನೆಯ ವ್ಯಾಪ್ತಿಯೇನು, ಅಪಾಯವೆಲ್ಲಿ ಹೆಚ್ಚೆಂದು ತನಗೆ ತೋರುತ್ತದೆ ಎಂಬುದನ್ನು ಪರಿಶೋಧಕನು ತಿಳಿಸುತ್ತಾನೆ. ಕೆಲಸ ಮುಗಿಯುವ ಹೊತ್ತಿಗೆ, ಸಂಸ್ಥೆ ಅನುಸರಿಸಿದ ಲೆಕ್ಕದ ನೀತಿಗಳ ಗುಣವೇನು, ಸಂಶಯಾಸ್ಪದ ಬಾಕಿಗಳಿಗೆಂದು ಕಾದಿರಿಸಿದ ಮೊತ್ತದಂಥ ಅಂದಾಜುಗಳಲ್ಲಿ ಅಧಿಕಾರಿಗಳು ಎಷ್ಟು ಉದಾರವಾಗಿ ಊಹಿಸಿದ್ದಾರೆ, ಕಡತಗಳನ್ನು ಕೇಳಿದಾಗ ತಡಮಾಡಿದರೇ, ಯಾವುದನ್ನು ಕೊಡದೆ ಉಳಿಸಿಕೊಂಡರು ಎಂಬ ಸಂಗತಿಗಳು ಬರುತ್ತವೆ. ಅವನು ಎತ್ತಿ ತೋರಿಸಿದ ತಪ್ಪುಗಳಲ್ಲಿ ಅಧಿಕಾರಿಗಳು ತಿದ್ದಿದುವು ಕೆಲವು, ‘ಇದು ಅಲ್ಪವಾದದ್ದು’ ಎಂದು ತಿದ್ದದೆ ಬಿಟ್ಟುವು ಕೆಲವು. ಹೀಗೆ ಬಿಟ್ಟುವುಗಳ ಪಟ್ಟಿಯನ್ನೂ ಅವನು ಮಂಡಳಿಯ ಮುಂದೆ ಇಡಬೇಕು, ಅವನ್ನು ತಿದ್ದಿಸಿರೆಂದು ಕೋರಬೇಕು. ಪ್ರಕಟವಾಗುವ ವರದಿಯಲ್ಲಿ ಈ ಪಟ್ಟಿ ಕಾಣುವುದಿಲ್ಲ. ಆದುದರಿಂದ, ವರದಿ ನಿರ್ದೋಷವಾಗಿದ್ದ ವರ್ಷದಲ್ಲಿಯೂ ಪತ್ರ ಕಳವಳಕಾರಿಯಾಗಿರಬಹುದು. ಮಂಡಳಿಯ ಸದಸ್ಯರಲ್ಲಿ ವರದಿಯ ಕೊನೆಯ ಸಾಲನ್ನಷ್ಟೇ ನೋಡಿ ನಿಟ್ಟುಸಿರುಬಿಟ್ಟು ಪತ್ರವನ್ನು ಬಿಡಿಸದೆ ಇಟ್ಟವನು, ಓದಬೇಕಾದುದನ್ನು ಬಿಟ್ಟು ಓದದಿದ್ದರೂ ನಡೆಯುತ್ತಿದ್ದುದನ್ನು ಓದಿದವನು.

ಪೂರ್ವಕಾಲದ ಅರಸರು ಈ ವಿಷಯದಲ್ಲಿ ಬೇರೆ ನೀತಿಯನ್ನು ಹಿಡಿದಿದ್ದರೆಂಬುದು ಪ್ರಸಂಗವಶಾತ್ ನೆನಪಿಗೆ ಬರುತ್ತದೆ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಓಲೆಯ ಪ್ರತಿಯಿಂದ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಆಷಾಢದಲ್ಲಿ ಅಧಿಕಾರಿಗಳು ಮುದ್ರೆಯೊತ್ತಿದ ಲೆಕ್ಕದ ಪುಸ್ತಕಗಳೊಡನೆ ಬರಬೇಕೆಂದೂ, ಹಾಗೆ ಬಂದವರು ಒಂದೆಡೆ ಸೇರಿ ಪರಸ್ಪರ ಮಾತನಾಡದಂತೆ ತಡೆಯಬೇಕೆಂದೂ ವಿಧಿಸಲಾಗಿದೆ. ಲೆಕ್ಕವನ್ನು ಕೇಳುವ ಒಡೆಯ ಒಬ್ಬನೇ ಆಗಿದ್ದ ಕಾಲದಲ್ಲಿ ಉಳಿದವರ ಬಾಯಿ ಮುಚ್ಚಿಸಿದರೆ ಸಾಕಾಗಿತ್ತು. ಒಡೆತನ ಪ್ರಜೆಗಳದ್ದಾಗಿ, ಅವರ ಪರವಾಗಿ ಹತ್ತು ಮಂದಿ ಮಂಡಳಿಯಲ್ಲಿ ಕುಳಿತಿರುವ ಕಾಲದಲ್ಲಿ, ಬಲ್ಲವನ ಬಾಯನ್ನು ಬಿಡಿಸುವುದೇ ವಿಧಿಯ ಕೆಲಸವಾಯಿತು.

ಪತ್ರದಲ್ಲಿ ಒಂದು ‘ನ್ಯೂನತೆ’ಯ ಹೆಸರು ಬಂದೊಡನೆ ಅದನ್ನು ಕಳ್ಳತನವೆಂದು ಓದುವವರೂ ಇದ್ದಾರೆ, ಇದು ಪತ್ರವನ್ನು ಬಿಡಿಸದೆ ಇಟ್ಟವರ ತಪ್ಪಿಗೆ ಎದುರು ದಿಕ್ಕಿನ ತಪ್ಪು. ಬಿಲ್ಲನ್ನು ತಯಾರಿಸುವ ಗುಮಾಸ್ತನೇ ಬ್ಯಾಂಕಿನ ಲೆಕ್ಕದೊಡನೆ ನಗದು ಪುಸ್ತಕವನ್ನು ತಾಳೆನೋಡುತ್ತಿದ್ದರೆ, ಅವನು ಪರಮ ಸತ್ಯವಂತನಾಗಿದ್ದರೂ ಅದು ಒಳನಿಯಂತ್ರಣದ ನ್ಯೂನತೆಯೇ ಸರಿ. ಅವನು ಕದ್ದಿದ್ದಾನೆಂದು ಪರಿಶೋಧಕನು ಹೇಳುತ್ತಿಲ್ಲ. ಕದ್ದರೆ ಹಿಡಿಯುವವರಿಲ್ಲವೆಂದು ಹೇಳುತ್ತಿದ್ದಾನೆ. ಇಂಥ ಗಣನೀಯ ನ್ಯೂನತೆಗಳನ್ನು ಬಾಯಿಮಾತಿನಲ್ಲಿ ಮುಗಿಸುವಂತಿಲ್ಲ. ಲಿಖಿತರೂಪದಲ್ಲಿಯೇ ತಿಳಿಸತಕ್ಕದ್ದೆಂದು 265ನೆಯ ಮಾನಕ ಹೇಳುತ್ತದೆ. ನಿಜವಾದ ವಂಚನೆಗೆ ಮಾರ್ಗವೇ ಬೇರೆ. ಕಂಪನಿಯ ಅಧಿಕಾರಿಗಳೋ ನೌಕರರೋ 1 ಕೋಟಿ ರೂಪಾಯಿ ಅಥವಾ ಅದಕ್ಕೆ ಮೀರಿದ ವಂಚನೆ ಎಸಗಿದ್ದಾರೆಂದು ನಂಬಲು ಕಾರಣ ಸಿಕ್ಕಿದರೆ, ಪರಿಶೋಧಕನು ಎರಡು ದಿನಗಳೊಳಗೆ ಮಂಡಳಿಗೋ ಅದರ ಪರಿಶೋಧನಾ ಸಮಿತಿಗೋ ತಿಳಿಸಿ, 45 ದಿನಗಳೊಳಗೆ ಉತ್ತರ ಕೇಳಿ, ಬಳಿಕ ಕೇಂದ್ರ ಸರ್ಕಾರಕ್ಕೆ ವರದಿ ಮಾಡಲೇಬೇಕು. ಉತ್ತರ ಬರದಿದ್ದರೂ ವರದಿ ನಿಲ್ಲುವುದಿಲ್ಲ. ಮನೆಯ ಮಾತು ಮನೆಯಲ್ಲೇ ಇರಲಿ ಎಂಬ ಹಿತವಚನಕ್ಕೆ ಇಲ್ಲಿ ಎಡೆಯಿಲ್ಲ.

ಮಂಡಳಿಯ ಸದಸ್ಯರಲ್ಲೇ ಪ್ರಚಲಿತವಾಗಿರುವ ಕಲ್ಪನೆಯೊಂದಿದೆ: ‘ಲೆಕ್ಕ ನಮಗೆ ತಿಳಿಯದು; ಅದಕ್ಕೆ ಅಧಿಕಾರಿಗಳಿದ್ದಾರೆ, ಆಡಿಟರಿದ್ದಾರೆ; ಅವರನ್ನು ನಂಬಿ ರುಜು ಹಾಕಿದೆವು.’ ಈ ವಾದಕ್ಕೆ ಎಷ್ಟು ಬೆಲೆಯೆಂಬುದನ್ನು ತೋರಿಸಿದ ಪ್ರಸಂಗ ಕ್ಯಾಲಿಫೋರ್ನಿಯದ ಆರೆಂಜ್ ಕೌಂಟಿಯಲ್ಲಿ ನಡೆಯಿತು. ಅಲ್ಲಿಯ ಖಜಾಂಚಿ ರಾಬರ್ಟ್ ಸಿಟ್ರನ್ ಎಂಬಾತನು ಕೌಂಟಿಯದೂ ನಗರಗಳದೂ ಶಾಲಾ ಮಂಡಲಗಳದೂ ಸೇರಿದ ಸುಮಾರು 7.5 ಶತಕೋಟಿ ಡಾಲರಿನ ನಿಧಿಯನ್ನು ಆಧಾರವಾಗಿಟ್ಟು ಸಾಲ ತಂದು, ಅದನ್ನು 20 ಶತಕೋಟಿಯ ಹೂಡಿಕೆಯನ್ನಾಗಿ ಬೆಳೆಸಿದ್ದನು. ಬಡ್ಡಿಯ ದರ ಏರುವುದಿಲ್ಲವೆಂಬುದು ಅವನ ಲೆಕ್ಕಾಚಾರ. 1994ರಲ್ಲಿ ದರ ಏರಿತು. ನಷ್ಟ 1.6 ಶತಕೋಟಿ ಡಾಲರನ್ನು ಮೀರಿ, ಆ ವರ್ಷದ ಡಿಸೆಂಬರ್ 6ರಂದು, ದೇಶದ ಸಿರಿವಂತ ಪ್ರದೇಶಗಳಲ್ಲೊಂದಾದ ಆ ಕೌಂಟಿ ದಿವಾಳಿಯ ಅರ್ಜಿ ಹಾಕಿತು. ಕೌಂಟಿ ತನ್ನ ಪರಿಶೋಧಕ ಸಂಸ್ಥೆಯ ಮೇಲೆ ದಾವೆ ಹೂಡಿ, 1998ರಲ್ಲಿ 75 ದಶಲಕ್ಷ ಡಾಲರಿಗೆ ರಾಜಿಯಾಯಿತು. ಆಡಿಟರು ಏನು ಮಾಡುತ್ತಿದ್ದರೆಂಬ ಪ್ರಶ್ನೆಗೆ ಇದು ಒಂದು ಉತ್ತರವಾಯಿತೆನ್ನೋಣ. ಆದರೆ ಅಮೆರಿಕದ ಷೇರು ವಿನಿಮಯ ಆಯೋಗ ಅಷ್ಟಕ್ಕೆ ಬಿಡಲಿಲ್ಲ. ಕೌಂಟಿಯ ಮೇಲ್ವಿಚಾರಕ ಮಂಡಳಿಯ ಸದಸ್ಯರ ನಡತೆಯನ್ನೇ ವಿಷಯವಾಗಿಟ್ಟುಕೊಂಡು 1996ರ ಜನವರಿಯಲ್ಲಿ ಪ್ರತ್ಯೇಕ ವರದಿಯನ್ನು ಪ್ರಕಟಿಸಿತು. ಆಯವ್ಯಯದ ಗಣನೀಯ ಪಾಲು ಆ ನಿಧಿಯ ಬಡ್ಡಿಯಿಂದಲೇ ಬರುತ್ತಿತ್ತೆಂಬುದನ್ನು ಅರಿತಿದ್ದವರು, ಸಾಲಪತ್ರಗಳನ್ನು ಹೊರಡಿಸುವಾಗ ಅವನ್ನು ಕೊಳ್ಳುವವರಿಗೆ ಆ ಸಂಗತಿಯನ್ನು ತಿಳಿಸಲಾಗಿದೆಯೇ ಎಂದು ವಿಚಾರಿಸದೆ ಒಪ್ಪಿಗೆಯ ಮುದ್ರೆ ಒತ್ತಿದ್ದು ತಪ್ಪೆಂದೂ, ಸಂದೇಹ ಹುಟ್ಟಿಸುವ ಸಂಗತಿ ಗೊತ್ತಿದ್ದವನು ತಜ್ಞರನ್ನು ನಂಬಿದೆನೆಂದಷ್ಟೇ ಹೇಳಿ ಪಾರಾಗಲಾರನೆಂದೂ ಅದರ ತಾತ್ಪರ್ಯ. ಆಯೋಗವು ಆ ಸದಸ್ಯರನ್ನು ವೈಯಕ್ತಿಕವಾಗಿ ದಂಡಿಸಲಿಲ್ಲ. ದಂಡಿಸಬೇಕಾಗಿತ್ತೇ ಎಂಬುದು ವಾದಗ್ರಸ್ತವಾಗಿರಲಿ. ತಿಳಿದುದಕ್ಕೆ ಹೊಣೆಯಾಗಬೇಕೆಂಬ ತತ್ತ್ವ ಮಾತ್ರ ಸ್ಪಷ್ಟವಾಯಿತು.

ಈ ತತ್ತ್ವವೇ ಪರಿಶೋಧಕನ ಪತ್ರದ ಜೀವಾಳವೆಂದು ನಾನು ಭಾವಿಸುತ್ತೇನೆ. ಅದು ಪ್ರಮಾಣಪತ್ರವೂ ಅಲ್ಲ, ಆರೋಪಪಟ್ಟಿಯೂ ಅಲ್ಲ. ಅದು ತಲುಪಿದ ಮೇಲೆ ‘ನಮಗೆ ಗೊತ್ತಿರಲಿಲ್ಲ’ ಎಂಬ ಮಾತು ಮಂಡಳಿಯ ಪಾಲಿಗೆ ಉಳಿಯುವುದಿಲ್ಲ.

ನಮ್ಮಲ್ಲಿ ಇದು ನಡೆದುಬರುವ ಬಗೆಯಾದರೂ ಹೇಗೆ? ಸರ್ಕಾರದ ಕಾರ್ಯದರ್ಶಿಗಳು ಪದನಿಮಿತ್ತವಾಗಿ ಹಲವು ಮಂಡಳಿಗಳಲ್ಲಿ ಕುಳಿತಿರುತ್ತಾರೆ, ಕಾರ್ಯಸೂಚಿ ದಪ್ಪವಾಗಿರುತ್ತದೆ, ಪತ್ರವು ಕೊನೆಯ ವಿಷಯಗಳ ಸಾಲಿನಲ್ಲಿ ‘ಸಭೆಯ ಅವಗಾಹನೆಗೆ’ ಎಂಬ ಒಕ್ಕಣೆಯೊಡನೆ ಬಂದು, ‘ಅವಗಾಹಿಸಲಾಯಿತು’ ಎಂಬ ನಡವಳಿಯೊಡನೆ ಕಡತ ಸೇರುವುದುಂಟು. ಪತ್ರ ಬಂದಿತೆಂದರೆ ಕರ್ತವ್ಯ ಮುಗಿಯಿತೆಂಬ ಈ ಕಲ್ಪನೆಗೆ ಕಾಯಿದೆಯಲ್ಲಿ ಬೆಂಬಲವಿಲ್ಲ. ಪರಿಶೋಧಕನ ವರದಿಯಲ್ಲಿ ಷರತ್ತೋ ಪ್ರತಿಕೂಲ ಮಾತೋ ಇದ್ದರೆ ಪ್ರತಿಯೊಂದಕ್ಕೂ ಮಂಡಳಿ ತನ್ನ ವರದಿಯಲ್ಲಿ ಸಮಜಾಯಿಷಿ ಕೊಡಬೇಕು. ಅದು ಸಿಎಜಿಯವರ ಟಿಪ್ಪಣಿಯೊಡನೆ ಶಾಸನಸಭೆಯ ಮುಂದೆ ಹೋಗುತ್ತದೆ. ಪರಿಶೋಧನಾ ಸಮಿತಿ ವರದಿಯನ್ನು ವಿಚಾರಿಸುವಾಗ ಅಲ್ಲಿ ಮಾತನಾಡುವ ಹಕ್ಕು ಪರಿಶೋಧಕನಿಗೆ ಇದೆ, ಮತದ ಹಕ್ಕು ಮಾತ್ರ ಇಲ್ಲ. ಅಧಿಕಾರಿಗಳನ್ನು ಹೊರಗೆ ಕಳುಹಿಸಿ, ವರ್ಷಕ್ಕೊಮ್ಮೆಯಾದರೂ ಅವನೊಬ್ಬನೊಡನೆ ಕುಳಿತು ಮಾತನಾಡುವುದು ಸತ್ಸಂಪ್ರದಾಯವೆಂದು 260ನೆಯ ಮಾನಕವೇ ಸೂಚಿಸುತ್ತದೆ. ಹಣಕಾಸು ಅಧಿಕಾರಿಗಳ ಎದುರಿನಲ್ಲಿ ಅವರ ಸಾಮರ್ಥ್ಯದ ಬಗೆಗೆ ಅವನಾದರೂ ಏನು ಹೇಳಿಯಾನು?

ಮಂಡಳಿ ಉತ್ತರ ಕೊಡದೆ ಸುಮ್ಮನಿದ್ದರೆ ಆ ಮೌನವನ್ನೂ ಪರಿಶೋಧಕನು ಅಪಾಯದ ಲೆಕ್ಕಕ್ಕೆ ಸೇರಿಸತಕ್ಕದ್ದು. ಸಂಭಾಷಣೆ ಎರಡು ಕಡೆಯಿಂದಲೂ ನಡೆಯದಿದ್ದರೆ ಅವನು ತನ್ನ ಅಭಿಪ್ರಾಯಕ್ಕೆ ಷರತ್ತು ಹಾಕಬಹುದು, ಮೇಲಿನ ಅಧಿಕಾರಸ್ಥಾನಕ್ಕೆ ತಿಳಿಸಬಹುದು, ಕಾನೂನು ಸಮ್ಮತಿಸಿದರೆ ಕೆಲಸದಿಂದಲೇ ಹಿಂದೆ ಸರಿಯಬಹುದು. ಲಿಖಿತವಾಗಿ ಕೊಡದೆ ಸಭೆಯಲ್ಲಿ ಬಾಯಿಮಾತಿನಲ್ಲಿ ತಿಳಿಸಿದ ಸಂಗತಿಗಳನ್ನೂ, ಯಾವ ದಿನ, ಯಾರಿಗೆ ಹೇಳಿದನೆಂಬುದರೊಡನೆ, ತನ್ನ ಕಾರ್ಯಪತ್ರಗಳಲ್ಲಿ ಅವನು ಬರೆದಿಡಬೇಕೆಂದು ನಿಯಮವಿದೆ. ಮಂಡಳಿಯ ನಡವಳಿ ಪುಸ್ತಕದಲ್ಲಿ ಅದರ ಒಂದು ಸಾಲೂ ಇಲ್ಲದಿದ್ದರೂ ಆ ಟಿಪ್ಪಣಿ ಅವನ ಕಡತದಲ್ಲಿ ಇರುತ್ತದೆ.