ಮನೆಯೊಳಗಿನ ಬಳ್ಳಿಗೆ ಹಿತವಾದ ಬೆಳಕು

ನಮ್ಮ ಮನೆಗಳ ಪಡಸಾಲೆಯಲ್ಲಿ ಇಳಿಬಿಟ್ಟ ಮನಿಪ್ಲಾಂಟ್ ಬಳ್ಳಿ ಇಂದು ಸಾಮಾನ್ಯ. ನೆರಳಿನಲ್ಲಿಯೂ ಬದುಕುತ್ತದೆಂದು ಅದನ್ನು ಕತ್ತಲೆಯ ಮೂಲೆಯಲ್ಲಿಡುವುದು ಸರಿಯಲ್ಲ. ಬೆಳಕು ಸಾಲದಿದ್ದರೆ ಗೆಣ್ಣುಗಳ ಅಂತರ ಹೆಚ್ಚಿ ಬಳ್ಳಿ ಬಡವಾಗುತ್ತದೆ. ಎಲೆಗಳು ಕಿರಿದಾಗಿ, ಅವುಗಳ ಹಳದಿ ಚಿತ್ತಾರ ಮಾಸಿ ಬರಿಯ ಹಸಿರು ಉಳಿಯುತ್ತದೆ. ನಡುಹಗಲಿನ ನೇರ ಬಿಸಿಲು ತಗುಲಿದರೆ ಎಲೆ ಸುಟ್ಟು ಕಂದುಕಲೆ ಮೂಡುತ್ತದೆ. ಪೂರ್ವದ ಕಿಟಕಿಯ ಎಳೆಬಿಸಿಲು, ಇಲ್ಲವೆ ಪಶ್ಚಿಮದ ಕಿಟಕಿಯಿಂದ 3-4 ಅಡಿ ಒಳಗಿನ ಬೆಳಕು ಅದಕ್ಕೆ ಹಿತಕರ.

ಇದರಲ್ಲಿ ಆರೋಗ್ಯದ ವಿಚಾರವೂ ಅಡಗಿದೆ. ಚಿತ್ತಾರವಳಿದ ಹಸಿರೆಲೆ ನೋಟಕ್ಕೆ ವೀಳ್ಯದೆಲೆಯನ್ನು ಹೋಲುತ್ತದೆ. ಶೀತ, ಕೆಮ್ಮುಗಳಿಗೆ ವೀಳ್ಯದೆಲೆ ಬಳಸುವ ಮನೆಗಳಲ್ಲಿ ಪ್ರಮಾದವಾಗದಂತೆ ಎಚ್ಚರ ವಹಿಸಬೇಕು. ಮನಿಪ್ಲಾಂಟಿನ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂತಹ ಹರಳುಗಳಿವೆ. ಅಗಿದರೆ ಬಾಯಿ, ನಾಲಿಗೆ, ಗಂಟಲು ಉರಿದು ಊದಿಕೊಳ್ಳುತ್ತವೆ. ವೀಳ್ಯದೆಲೆಯನ್ನು ಹರಿದು ಮೂಸಿದರೆ ಘಾಟಿನ ಪರಿಮಳವಿರುತ್ತದೆ, ಇದರಲ್ಲಿ ಅದಿಲ್ಲ. ಸಂದೇಹವಿದ್ದರೆ ಬಳಸಲೇಬಾರದು.

ಮಗುವು ಎಲೆಯನ್ನು ಅಗಿದಿದ್ದರೆ ಉಗುಳಿಸಿ, ಬಾಯಿಯನ್ನು ನೀರಿನಿಂದ ತೊಳೆಯಿರಿ, ವಾಂತಿ ಮಾಡಿಸಬೇಡಿ. ನುಂಗಲು, ಉಸಿರಾಡಲು ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಬಳ್ಳಿಗೆ ಬೆಳಕು ನಿಲುಕಲಿ. ಮಕ್ಕಳ ಕೈಗೆ ಬಳ್ಳಿ ನಿಲುಕದಿರಲಿ.