ಜೀಪು ಎತ್ತರಿಸುವ ಮುನ್ನ

ಐಂಡ್‌ಹೋವನ್‌ನಲ್ಲಿ ಜೀಪು ಇಟ್ಟುಕೊಂಡವನಿಗೆ ನಮ್ಮವರು ಕೇಳುವ ಮೊದಲ ಪ್ರಶ್ನೆ: "ಈ ಬಯಲಲ್ಲಿ ಇದನ್ನು ಎಲ್ಲಿ ಓಡಿಸ್ತೀರಿ ಮಾರಾಯ್ರೆ?" ಹೌದು, ನೆದರ್‌ಲ್ಯಾಂಡ್ಸ್‌ನ ಈ ನೆಲದಲ್ಲಿ ಅತಿ ಎತ್ತರದ ವಾಲ್ಸರ್‌ಬರ್ಗ್ ಬರೀ 322 ಮೀಟರು, ನಮ್ಮ ಕೊಡಗಿನ ತಡಿಯಂಡಮೋಳ್ 1,748! ಆದರೂ ಈ ಹುಚ್ಚು ಊರಿಗೆ ಹೊಸದಲ್ಲ. ಇಲ್ಲಿನ ಡಾಫ್ ಕಂಪನಿ ಕಟ್ಟಿದ ಹೂಬ್ ಫಾನ್ ಡೋರ್ನ, 1930ರ ದಶಕದ ಮಧ್ಯದಲ್ಲಿ ಒಬ್ಬ ಸೇನಾಧಿಕಾರಿಯ ಜತೆಗೂಡಿ ಸಾಧಾರಣ ಲಾರಿಗಳನ್ನು ಕಾಡುದಾರಿಗೆ ಒಗ್ಗಿಸುವ 'ಟ್ರಾಡೊ' ಎಂಬ ಹಿಂಬದಿ ಚಕ್ರಜೋಡಣೆಯನ್ನು ರೂಪಿಸಿದರು.

ನನ್ನದು ಜೀಪ್ ರ‍್ಯಾಂಗ್ಲರ್. ಮೂರು ಇಂಚು ಎತ್ತರಿಸಲು ಸ್ಪ್ರಿಂಗ್ ಬದಲಿಸಿದರೆ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಆದರೆ ಆಕ್ಸಲ್ಲನ್ನು ಚಾಸಿಗೆ ಹಿಡಿದಿರುವುದು ಕಂಟ್ರೋಲ್ ಆರ್ಮ್ ಎಂಬ ಉಕ್ಕಿನ ತೋಳುಗಳು. ಗಾಡಿ ಮೇಲೇರಿದಂತೆ ಅವು ಹೆಚ್ಚು ಓರೆಯಾಗುತ್ತವೆ, ಆಕ್ಸಲ್ ಜಾಗ ಬಿಡುತ್ತದೆ. ಲೆಕ್ಕ ನೋಡಿ: ಮೊದಲೇ 5 ಸೆಂಟಿಮೀಟರ್ ಇಳಿದಿರುವ 40 ಸೆಂಟಿಮೀಟರ್ ಉದ್ದದ ತೋಳು ಇನ್ನೂ 7.5 ಸೆಂಟಿಮೀಟರ್ ಇಳಿದರೆ, ಅದರ ತುದಿ ಸುಮಾರು 1.7 ಸೆಂಟಿಮೀಟರ್ ಹಿಂದೆ ಸರಿಯುತ್ತದೆ.

ಜತೆಗೆ ಮುಂಚಕ್ರದ 'ಕ್ಯಾಸ್ಟರ್' ಕೋನವೂ ಕಡಿಮೆಯಾಗುತ್ತದೆ. ನಾವೆಲ್ಲ ಇಲ್ಲಿ ತುಳಿಯುವ ಸೈಕಲ್ಲನ್ನೇ ನೋಡಿ. ಅದರ ಮುಂದಿನ ಫೋರ್ಕ್ ಓರೆಯಾಗಿರುವುದೂ ಸೈಕಲ್ ನೇರ ಸಾಗಲು ನೆರವಾಗುತ್ತದೆ. ಜೀಪಿನಲ್ಲಿ ಆ ಓರೆ ತಗ್ಗಿದರೆ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಎ2 ಹೆದ್ದಾರಿಯಲ್ಲಿ 100 ಕಿ.ಮೀ. ವೇಗದಲ್ಲಿರುವಾಗ ಸ್ಟೀರಿಂಗ್ ಅತ್ತಿತ್ತ ಅಲೆಯುತ್ತದೆ. ಆದ್ದರಿಂದ ಇದು ಬರೀ ಶೋಕಿಯ ಮಾತಲ್ಲ.

ಹಾಗಾದರೆ ಯಾವ ತೋಳು ಆರಿಸಬೇಕು? ಎತ್ತರ ಅಲ್ಪವಾದರೆ ಮೂಲ ತೋಳುಗಳೇ ಸಾಕಾಗಬಹುದು. ಎರಡು-ಮೂರು ಇಂಚಿಗೆ, ಉದ್ದ ಹೊಂದಿಸಬಹುದಾದ ಕೆಳತೋಳುಗಳನ್ನು ನಾನು ಒಪ್ಪುತ್ತೇನೆ. ಆಕ್ಸಲ್ಲನ್ನು ಮುಂದೆ ತಂದು ಕ್ಯಾಸ್ಟರ್ ಮರಳಿಸುತ್ತವೆ. ಆದರೆ ಅತಿಯಾಗಿ ತಿರುಗಿಸಿದರೆ ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಡುತ್ತದೆ. ಬ್ರಾಕೆಟ್ ಹಾಕಿ ತೋಳಿನ ಬುಡವನ್ನೇ ಕೆಳಗಿಳಿಸುವುದೂ ಉಂಟು. ರಸ್ತೆಯಲ್ಲಿ ಸವಾರಿ ಹಿತ, ಕಲ್ಲುದಾರಿಯಲ್ಲಿ ಆ ಬ್ರಾಕೆಟ್ಟೇ ಮೊದಲು ತಾಗುತ್ತದೆ. ಅದಕ್ಕೂ ಹೆಚ್ಚಿನ ಎತ್ತರಕ್ಕೆ ಉದ್ದ ತೋಳಿನ ಕಿಟ್ ಬೇಕು. ಅದಕ್ಕೆ ಸಾಮಾನ್ಯವಾಗಿ ಚಾಸಿಗೆ ಬೆಸುಗೆ, ಅಂದರೆ ನುರಿತವರ ಕೈ.

ತುದಿಯ ಬುಷ್ ಮರೆಯಬೇಡಿ. ರಬ್ಬರ್ ಬುಷ್ ಅದುರು ನುಂಗುತ್ತದೆ. ಪಾಲಿಯುರೆಥೇನ್ ಗಟ್ಟಿ, ಆದರೆ ತಿರುಚಲು ಬಿಗಿ. ಗುಂಡಿನ ಜಾಯಿಂಟ್ ಸಲೀಸಾಗಿ ತಿರುಗುತ್ತದೆ, ಸದ್ದು ಮಾಡುತ್ತದೆ. ವಾರವಿಡೀ ಆಫೀಸು, ಅಪರೂಪಕ್ಕೆ ಕಾಡುದಾರಿ ಎನ್ನುವವರಿಗೆ ರಬ್ಬರ್ರೇ ವಾಸಿ.

ಕೊನೆಯ ಮಾತು ಕಾನೂನಿನದು. ಇಲ್ಲಿ ರಚನೆ ಬದಲಿಸುವ ಮುನ್ನ ವಾಹನ ಪ್ರಾಧಿಕಾರವಾದ ಆರ್‌ಡಿಡಬ್ಲ್ಯೂಗೆ ಬರೆದು ಕೇಳಿ, ವಿಮೆಯವರಿಗೂ ತಿಳಿಸಿ. ಊರಿನ ಥಾರ್ ಎತ್ತರಿಸುವ ಆಸೆಯಿದ್ದರೆ, ತಯಾರಕರ ಮೂಲ ವಿವರಗಳಿಗೆ ಹೊಂದದಂತೆ ವಾಹನ ಮಾರ್ಪಡಿಸುವಂತಿಲ್ಲ ಎಂಬ 2019ರ ಸುಪ್ರೀಂ ಕೋರ್ಟ್ ತೀರ್ಪು ನೆನಪಿರಲಿ.

ಇನ್ನೂ ಸಂಶಯವಿದ್ದರೆ ಹಬ್ಬದ ಊಟ ಮುಗಿಸಿ ಪಾರ್ಕಿಂಗಿಗೆ ಬನ್ನಿ. ಜೀಪಿನ ಕೆಳಗೆ ಬಗ್ಗಿ ನೋಡಲು ಟಾರ್ಚ್ ನಾನು ತರುತ್ತೇನೆ!