ಉಸ್ತಾದರ ಕಿವಿ

ಯಂತ್ರವಿದ್ಯೆಯಲ್ಲಿ ನಾನು ನಿರಕ್ಷರಕುಕ್ಷಿ. ಆದರೂ ಕಾಲೇಜಿನಲ್ಲಿ ಛಂದಸ್ಸಿನ ಪಾಠ ಮುಗಿಸಿ ಸಂಜೆಯ ರೈಲಿನಲ್ಲಿ ಟೇಕಲ್ಲಿಗೆ ಬಂದಿಳಿದರೆ, ಉಸ್ತಾದರ ಷೆಡ್ಡಿನಲ್ಲಿ ಅರ್ಧ ಗಂಟೆ ಕುಳಿತೇಳುವುದು ನನ್ನ ರೂಢಿ. ಕಳೆದ ಬೇಸಗೆಯಲ್ಲಿ ಅಲ್ಲಿಗೆ ಬೆಂಗಳೂರಿನಿಂದ ಅಪರೂಪದ ಅತಿಥಿಯೊಂದು ಬಂದಿತು: 1964ರ ಎಂ.ಜಿ.ಬಿ. ಎಂಬ ಇಬ್ಬರೇ ಕೂರಬಲ್ಲ ಸ್ಪೋರ್ಟ್ಸ್ ಕಾರು. ಅದರ ಕಾರ್ಬ್ಯುರೇಟರುಗಳನ್ನು ತೆಗೆದು ಫ್ಯುಯೆಲ್ ಇಂಜೆಕ್ಷನ್ ಅಳವಡಿಸಬೇಕೆಂಬುದು ಒಡೆಯರ ಅಪೇಕ್ಷೆ.

ಆ ಕಾರಿಗೆ ಎಸ್.ಯು. ಕಾರ್ಬ್ಯುರೇಟರುಗಳು ಎರಡು. ಎಂಜಿನ್ನು ಉಸಿರೆಳೆದಂತೆ ಒಳಗಿನ ಪಿಸ್ಟನ್ನು ಮೇಲೇರುತ್ತದೆ. ಅದರ ಮೊನಚು ಸೂಜಿಯೂ ಜೊತೆಗೇರಿ ಪೆಟ್ರೋಲಿಗೆ ದಾರಿ ಬಿಡುತ್ತದೆ. ಎರಡೂ ಸಮನಾಗಿ ಗಾಳಿ ಸೆಳೆಯುತ್ತಿವೆಯೇ ಎಂದರಿಯಲು ಉಸ್ತಾದರ ಬಳಿ ಇದ್ದ ಉಪಕರಣ ಒಂದು ಮೊಳ ರಬ್ಬರ್ ಕೊಳವೆ. ಒಂದು ತುದಿ ಕಾರ್ಬ್ಯುರೇಟರಿನ ಬಾಯಿಗೆ, ಇನ್ನೊಂದು ತಮ್ಮ ಕಿವಿಗೆ. ಎರಡರ ‘ಸುಯ್’ ಎಂಬ ದನಿ ಒಂದೇ ಆಗುವವರೆಗೂ ಸ್ಕ್ರೂ ತಿರುಗಿಸುವರು. ಪ್ರಸ್ತಾರ ಹಾಕದೆಯೇ ಷಟ್ಪದಿಯಲ್ಲಿ ಮಾತ್ರೆ ತಪ್ಪಿದ್ದನ್ನು ಹಿಡಿಯುವ ಗಮಕಿಗಳನ್ನು ಕಂಡವರಿಗೆ ಇದು ಸೋಜಿಗವಲ್ಲ.

ಆದ್ದರಿಂದ ನಾನು ಆಕ್ಷೇಪಿಸಿದೆ: “ಇದು ಹಳೆಯ ಕಾವ್ಯವನ್ನು ತಿದ್ದಿ ಅಚ್ಚು ಹಾಕಿಸಿದಂತಲ್ಲವೇ, ಉಸ್ತಾದರೇ?”

“ಸ್ವಲ್ಪ ಗಟ್ಟಿಯಾಗಿ ಹೇಳಿ ಮೇಷ್ಟ್ರೇ, ಕಿವಿ ಹೋಗಿದೆ” ಎಂದರವರು.

ನನಗೆ ಮಾತು ಹೊರಡಲಿಲ್ಲ.

ಒಡೆಯರ ಕಾರಣ ಬೇರೆ. 2025ರ ವೇಳೆಗೆ ನಮ್ಮ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲ್ ಸೇರಿತು. ಅದರಲ್ಲಿಯೇ ಆಮ್ಲಜನಕವಿರುವುದರಿಂದ ಹಳೆಯ ಸೂಜಿಯ ಲೆಕ್ಕ ತಪ್ಪುತ್ತದೆ. ಇಂಜೆಕ್ಷನ್ನೇನೋ ಹೊಸತಲ್ಲ, 1954ರ ಮರ್ಸಿಡಿಸ್ 300 ಎಸ್.ಎಲ್. ಕಾರಿನಲ್ಲಿಯೇ ಇತ್ತು. 2020ರ ಬಿ.ಎಸ್. 6 ನಿಯಮದ ತರುವಾಯ ನಮ್ಮ ನರಸಾಪುರದ ಹೋಂಡಾ ಸ್ಕೂಟರುಗಳಿಗೂ ಬಂದಿದೆ.

ಕೆಲಸಕ್ಕೆ ನಿಂತವನು ಉಸ್ತಾದರ ಮೊಮ್ಮಗ. ಹತ್ತು ಪಟ್ಟಿಗೂ ಮೀರಿದ ಒತ್ತಡದ ಪಂಪು, ಮಿಕ್ಕ ಪೆಟ್ರೋಲು ಟ್ಯಾಂಕಿಗೆ ಮರಳಲು ಇನ್ನೊಂದು ಕೊಳವೆ, ಡೈನಮೋ ಬದಲು ಆಲ್ಟರ್ನೇಟರ್ ಎಲ್ಲವೂ ಬೇಕಾದವು. ಆ ಕಾಲದ ಎಂ.ಜಿ.ಯಲ್ಲಿ ಬ್ಯಾಟರಿಯ ಧನಧ್ರುವವನ್ನು ದೇಹಕ್ಕೆ ಜೋಡಿಸುತ್ತಿದ್ದರು. ಅದನ್ನೂ ತಿರುವುಮುರುವು ಮಾಡಬೇಕಾಯಿತು. ನಿಜವಾದ ತೊಡಕು ಎಂಜಿನ್ನಿನ ತಲೆಯಲ್ಲಿತ್ತು. ಸಿಲಿಂಡರುಗಳು ನಾಲ್ಕು, ಗಾಳಿ ಹೋಗುವ ಬಾಗಿಲು ಎರಡೇ. ಒಂದೇ ಬಾಗಿಲಿನ ಎರಡು ಸಂಸಾರಗಳಂತೆ, ಒಬ್ಬರಿಗೆಂದು ಚಿಮ್ಮಿಸಿದ ಪೆಟ್ರೋಲನ್ನು ನೆರೆಯವರು ಸೆಳೆದುಕೊಳ್ಳುತ್ತಾರೆ. ಇದನ್ನು ಸರಿದೂಗಿಸುವುದರಲ್ಲಿ ಹುಡುಗನಿಗೆ ಮೂರು ವಾರ ಹಿಡಿಯಿತು.

ಚಾಲೂ ಮಾಡಿದ ದಿನ ಎಂಜಿನ್ನು ಕೆಮ್ಮಿತು, ಕಪ್ಪು ಹೊಗೆ ಕಾರಿತು. ಒಂದು ತೂಕ ಪೆಟ್ರೋಲಿಗೆ 14.7 ತೂಕ ಗಾಳಿ ಎಂಬ ಪ್ರಮಾಣವನ್ನು ಕಾಯಬೇಕಾದ ಗಣಕವು, ಹೊಗೆಕೊಳವೆಯಲ್ಲಿ ಆಮ್ಲಜನಕ ಹೆಚ್ಚಿದೆಯೆಂದು ಪೆಟ್ರೋಲನ್ನು ಏರಿಸುತ್ತಲೇ ಇತ್ತು. ಹುಡುಗ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಉಸ್ತಾದರು ಎದ್ದು ಬಂದು ಎಂಜಿನ್ನಿನ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿದರು.

“ಪೆಟ್ರೋಲಲ್ಲ ಮಗಾ, ಬೆಂಕಿ. ಮೂರನೆಯದು ಉರೀತಿಲ್ಲ.”

ಮೂರನೆಯ ಪ್ಲಗ್ಗಿನ ತಂತಿ ಸಡಿಲವಾಗಿತ್ತು. ಉರಿಯದ ಸಿಲಿಂಡರಿನಿಂದ ಹಾಗೆಯೇ ಹೊರಬಿದ್ದ ಆಮ್ಲಜನಕವನ್ನು ಕಂಡು ಗಣಕ ಮೋಸಹೋಗಿತ್ತು.

ಕಾರು ಈಗ ಬೆಂಗಳೂರಿನಲ್ಲಿದೆ, ಚೆನ್ನಾಗಿ ಓಡುತ್ತಿದೆಯಂತೆ. ಕಾರ್ಬ್ಯುರೇಟರುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆ ಸುತ್ತಿ, ಬಿಸ್ಕತ್ತಿನ ಡಬ್ಬಿಯಲ್ಲಿ ಒಡೆಯರಿಗೇ ಒಪ್ಪಿಸಿದರು. ಅದರೊಳಗಿಡಲು ಚೀಟಿಯೊಂದನ್ನು ನನ್ನಿಂದ ಬರೆಸಿದರು. ಅವರು ಹೇಳಿದಂತೆಯೇ ಬರೆದೆ: “ಕೆಳಗಿನ ಆರು ಮಗ್ಗುಲಿನ ನಟ್ಟನ್ನು ಪೂರ್ತಿ ಮೇಲೇರಿಸಿ, ಹನ್ನೆರಡು ಮಗ್ಗುಲು ಇಳಿಸುವುದು. ಆಮೇಲೆ ಕಿವಿಗೊಟ್ಟು ಕೇಳುವುದು.”